ಮಲ್ಲೇಶಪ್ಪನ ತಾರಸಿಯ ಬೂಸ್ಟರ್

ಮಲ್ಲೇಶಪ್ಪ ಕುಡುಗೋಲು ಹಿಡಿದು ತಾರಸಿ ಹತ್ತಿ ಕೇಬಲ್ ಕಡಿದದ್ದನ್ನು ಊರಿಗೆ ಟೀವಿ ಲೈನು ಕೊಟ್ಟ ಸಣ್ಣಬೀರಪ್ಪ ಇವತ್ತಿಗೂ ಮರೆತಿಲ್ಲ. ಮರೆಯುವ ಮನಸ್ಸೂ ಅವನಿಗಿಲ್ಲ. ಕಡಿಯಲಿ, ಮನೆ ಅವನದು, ತಾರಸಿ ಅವನದು. ಆದರೆ ಕಡಿಯುವುದಕ್ಕೂ ಒಂದು ಹೊತ್ತು ಗೊತ್ತು ಬೇಡವೇ? ಷಾರ್ಜಾದಲ್ಲಿ ಮ್ಯಾಚು ನಡೆಯುತ್ತಿದೆ, ಶಿರಾಳಕೊಪ್ಪದ ಕೆಳಗಿನ ಬೀದಿ ಪೂರಾ ಟೀವಿ ಮುಂದೆ ಕೂತಿದೆ, ಇನ್ನೇನು ಗೆದ್ದೆವು ಅನ್ನುವಷ್ಟರಲ್ಲಿ ಕಚಕ್ ಅಂತ ಒಂದೇ ಏಟು. ಬೀದಿಯ ಟೀವಿಗಳೆಲ್ಲ ಒಟ್ಟಿಗೆ ಸುರ್ ಅಂದವು.

ಜನ ಮಲ್ಲೇಶಪ್ಪನ ಮನೆಗೆ ಹೋದರೇ? ಇಲ್ಲ. ಬೆಲ್ಲದ ಮಂಡಿಯ ಸಾಹುಕಾರನನ್ನು ಕೇಳುವ ಗಂಡಸು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ನೇರ ಬೀರಪ್ಪನ ರೂಮಿಗೆ ಬಂದರು. ಕಾಸು ತಗೊಳ್ಳೋಕೆ ಮಾತ್ರ ಬರ್ತೀಯ ಅಂದರು. ಒಬ್ಬ ಕಲ್ಲು ಬೀಸಿದ. ರೂಮಿನ ಮೇಲಿನ ಡಿಶ್ಶಿನ ಹೊಟ್ಟೆಯಲ್ಲಿ ಗುಳಿ ಬಿತ್ತು. ಆ ಗುಳಿಯಲ್ಲಿ ಮಳೆನೀರು ನಿಂತಾಗಲೆಲ್ಲ ಬೀರಪ್ಪ ಮಲ್ಲೇಶಪ್ಪನನ್ನು ನೆನೆಸಿಕೊಂಡು ಹಲ್ಲು ಕಡಿಯುತ್ತಿದ್ದ.

ಕಡಿದದ್ದಕ್ಕೆ ಕಾರಣ ಏನು ಗೊತ್ತೇ? ತಾರಸಿಯ ಮೋಟುಗೋಡೆಗೆ ಬೀರಪ್ಪ ಮೊಳೆ ಹೊಡೆದಿದ್ದ. ಮೊಳೆಯ ತೂತಿನಿಂದ ನೀರು ಇಳಿದು ನಡುಮನೆ ಗೋಡೆ ಜಿನುಗುತ್ತದೆ ಅಂತ ಮಲ್ಲೇಶಪ್ಪನ ತಕರಾರು. ಬಾಯಿ ಬಿಟ್ಟು ಹೇಳಿದ್ದರೆ ಒಂದು ಹಿಡಿ ಸಿಮೆಂಟು ಮೆತ್ತಿ ಬರುತ್ತಿದ್ದ. ಹೇಳಲಿಲ್ಲ. ಕಡಿದ.

ಬೀರಪ್ಪ ಐದನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು. ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತ. ತೊಂಬತ್ತಮೂರರಲ್ಲಿ ಹೆಂಡತಿ ಬಂಗಾರಮ್ಮನ ಸರ ಮಾರಿ, ಟೈಲರ್ ಅಂಗಡಿಯ ಮೇಲೆ ತಗಡಿನ ರೂಮು ಹಿಡಿದು, ಡಿಶ್ ನಿಲ್ಲಿಸಿದ. ಊರಿಗೆ ಕೇಬಲ್ ಬಂದ ಮೇಲೆ ಜನ ಮನೆ ಮೇಲಿನ ಹಳೇ ಆಂಟೆನಾಗಳನ್ನು ಇಳಿಸಿ ಹಿತ್ತಲಲ್ಲಿ ಬಟ್ಟೆ ಒಣಹಾಕಲು ನೆಟ್ಟುಕೊಂಡರು. ಅಲ್ಲಿಂದ ಮುಂದೆ ಬೀರಪ್ಪ ಕೊಟ್ಟದ್ದೇ ಚಿತ್ರ, ಬಿಟ್ಟದ್ದೇ ಹಾಡು.

ಕೊಡುವುದು ಸುಲಭವಲ್ಲ. ಮೂಲ ಒಂದೇ, ಮನೆ ನೂರು ಥರ. ಒಬ್ಬರದು ಬಾಗಿಲು ಎಳೆಯುವ ಮರದ ಟೀವಿ, ತಿರುಗಿಸುವ ಗುಬುಟಿನಲ್ಲಿ ಬೆರಳೆಣಿಕೆಯ ಚಾನೆಲ್ಲು. ಇನ್ನೊಬ್ಬರದು ಕಪ್ಪು ಬಿಳುಪಿನ ಪುಟ್ಟ ಡಬ್ಬಿ. ಮತ್ತೊಬ್ಬರದು ರಿಮೋಟಿನ ಹೊಸ ಕಲರ್. ಯಾರ ಡಬ್ಬಿಗೆ ಎಲ್ಲಿ ಯಾವುದು ಕೂರುತ್ತದೆ ಎಂದು ಮನೆಮನೆಗೂ ಹೋಗಿ ಕೂರಿಸಬೇಕು. ದುಡ್ಡು ಕಟ್ಟಿದರೆ ಮಾತ್ರ ಕಾಣುವ ಚಾನೆಲ್ಲುಗಳು ಬಂದ ಮೇಲಂತೂ ಇನ್ನೂ ಕಷ್ಟ. ಕಂಪನಿಯವರು ಒಂದು ಪೆಟ್ಟಿಗೆ, ಅದಕ್ಕೊಂದು ಕಾರ್ಡು ಕೊಡುತ್ತಾರೆ. ಕಾರ್ಡು ಒಳಗಿದ್ದರೆ ಕಲಸಿದ ಚಿತ್ರ ಬಿಡಿಸಿಕೊಳ್ಳುತ್ತದೆ, ತೆಗೆದರೆ ಮುಖ ಮೂತಿ ಒಂದೂ ಗೊತ್ತಾಗದು. ಆ ಕಾರ್ಡನ್ನು ಬೀರಪ್ಪ ದೇವರ ಗೂಡಿನಲ್ಲಿ ಇಡದಿದ್ದದ್ದೇ ಹೆಚ್ಚು.

ಇದೆಲ್ಲಕ್ಕಿಂತ ದೊಡ್ಡ ಕಾಟ ಗುಂಡುಸೂಜಿಯದು. ಬೀದಿಯಲ್ಲಿ ಹಾದು ಹೋಗುವ ವೈರಿಗೆ ಸೂಜಿ ಚುಚ್ಚಿ, ಅದಕ್ಕೆ ತಂತಿ ಸುತ್ತಿ, ಕಿಟಕಿಯೊಳಗೆ ಎಳೆದುಕೊಂಡರೆ ಪುಕ್ಕಟೆ ಟೀವಿ. ಹಾಗೆ ಚುಚ್ಚಿದ ಕಡೆಯಿಂದ ಮುಂದಿನ ಮನೆಗಳಿಗೆಲ್ಲ ಒಬ್ಬೊಬ್ಬ ಮನುಷ್ಯನ ಬೆನ್ನಿಗೆ ಇನ್ನೊಂದು ನೆರಳು ಅಂಟಿಕೊಂಡು ಕಾಣುತ್ತಿತ್ತು. ಬೀರಪ್ಪ ಏಣಿ ಹೊತ್ತು ಹೊರಟನೆಂದರೆ ಚುಚ್ಚಿದವರು ಮೊದಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವನ ಬಾಯಿ ಅಂಥದ್ದು. ಕೊನೆಗೆ ಕಂಬದ ಮೇಲೆ ವೈರು ಕವಲೊಡೆಯುವ ಒಂದೊಂದು ಪೆಟ್ಟಿಗೆಗೂ ಬೀಗ ಹಾಕಿಸಿದ. ಬೀಗದಕೈ ಗೊಂಚಲು ಸದಾ ಉಡಿದಾರದಲ್ಲಿ.

"ಹೆಂಡ್ತಿ ತವರಿನ ಮನೆ ಅಂತ ಒಂದು ವೈರು ಪುಕ್ಸಟ್ಟೆ ಕೊಡಕ್ಕಾಗಲ್ವಾ?" ಅಂತ ಬಂಗಾರಮ್ಮನ ಅಣ್ಣನೇ ಕೇಳಿದ್ದಕ್ಕೆ, "ಒಬ್ಬರಿಗೆ ಕೊಟ್ರೆ ಊರಿಗೆಲ್ಲ ಕೊಡ್ಬೇಕಾಗ್ತದೆ ಭಾವ. ಬೇಕಾದ್ರೆ ಬಂದು ನಮ್ಮನೇಲಿ ಊಟ ಮಾಡ್ಕೊಂಡು ನೋಡು" ಅಂದವನು ಅವನು.

ಕೆಳಗಿನ ಬೀದಿಯ ಕಡೆ ಪುಕ್ಕಟೆ ವೈರು ಇದ್ದದ್ದು ಒಂದೇ ಮನೆಗೆ, ಅದೂ ಮಲ್ಲೇಶಪ್ಪನ ಮನೆಗೆ! ಅದಕ್ಕೊಂದು ವಹಿವಾಟಿನ ನಿಯಮವಿತ್ತು. ವೈರು ದೂರ ಹೋದಷ್ಟೂ ಚಿತ್ರ ಸೊರಗುತ್ತದೆ. ಅದಕ್ಕೆ ಮತ್ತೆ ಕಸುವು ತುಂಬಿ ಮುಂದಕ್ಕೆ ತಳ್ಳಲು ನಡುನಡುವೆ ಬೂಸ್ಟರ್ ಅನ್ನುವ ಪೆಟ್ಟಿಗೆ ಕೂರಿಸಬೇಕು. ಯಾರ ತಾರಸಿಯ ಮೇಲೆ ಬೂಸ್ಟರ್ ಕೂರುತ್ತದೋ, ಯಾರ ಮನೆಯ ಕರೆಂಟು ಅದಕ್ಕೆ ಹೋಗುತ್ತದೋ ಅವರಿಗೆ ಕೇಬಲ್ ಬಿಟ್ಟಿ. ಕೆಳಗಿನ ಬೀದಿಗೆ ಹೋಗುವ ದಾರಿಯಲ್ಲಿ ಎತ್ತರದ ತಾರಸಿ ಮಲ್ಲೇಶಪ್ಪನದೊಂದೇ. ಅದು ತಪ್ಪಿದರೆ ಕೆಳಗಿನ ಬೀದಿಯೇ ತಪ್ಪಿದಂತೆ. ಅದು ತಪ್ಪಿದರೆ ಬೀರಪ್ಪನ ಅರ್ಧ ಅನ್ನ ಹೋದಂತೆ.

ಕಡಿದ ಲೈನು ಮತ್ತೆ ಕೂಡಿದ್ದು ಮಲ್ಲೇಶಪ್ಪನ ಹೆಂಡತಿ ನಿರ್ಮಲಮ್ಮನವರಿಂದ. ಕಲ್ಲೇಟು ಬಿದ್ದ ಮಾರನೇ ದಿನ ಬೀರಪ್ಪ ಆ ಮನೆಯ ಮೆಟ್ಟಿಲ ಮೇಲೆ ನಿಂತು ಬುಸುಗುಡುತ್ತಿದ್ದ, ಒಳಗಿನಿಂದ ಮಲ್ಲೇಶಪ್ಪ ಗುಡುಗುತ್ತಿದ್ದ. ನಿರ್ಮಲಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು.

"ನೋಡ್ರಿ, ಆ ತಾರಸಿ ಹಾಕಿದ್ದು ನಮ್ಮಪ್ಪ ಕೊಟ್ಟ ಗದ್ದೆ ಮಾರಿ. ಮೊಳೆ ಹೊಡೀಬ್ಯಾಡ ಅನ್ನೋ ಮಾತು ನಿಮ್ಮದು ಇರ್ಲಿ. ಪೆಟ್ಟಿಗೆ ಇಡ್ಲಿ ಅನ್ನೋದು ನಂದು" ಅಂದರು ಗಂಡನಿಗೆ. ಆಮೇಲೆ ಬೀರಪ್ಪನ ಕಡೆ ತಿರುಗಿ, "ನೀನೂ ಸ್ವಲ್ಪ ಬಾಯಿ ಸಣ್ಣ ಮಾಡಪ್ಪ. ಹೆಸ್ರು ನೋಡಿದ್ರೆ ಸಣ್ಣಬೀರಪ್ಪ" ಅಂದರು.

ಮಲ್ಲೇಶಪ್ಪ ಒಂದೇ ಮಾತು ಹೇಳಿ ಎದ್ದುಹೋದ. "ಇನ್ನೊಂದು ತಕರಾರು ಬಂದ್ರೆ ಬರೀ ವೈರಲ್ಲ, ಪೆಟ್ಟಿಗೇನೂ ಬೀದಿಗೆ ಒಗೀತೀನಿ. ಆಮೇಲೆ ನೀನು ನಮ್ಮನೆ ನೆತ್ತಿ ಮೇಲೆ ಕಾಲಿಡಂಗಿಲ್ಲ."

ಅಲ್ಲಿಂದ ಬೀರಪ್ಪ ಆ ತಾರಸಿಯ ಮೇಲೆ ಬೆಕ್ಕಿನ ಹಾಗೆ ನಡೆಯುತ್ತಿದ್ದ.

ಹಾಗೆ ಎರಡು ವರ್ಷ ಕಳೆಯಿತು. ತೊಂಬತ್ತೇಳರ ಬೇಸಿಗೆಯಲ್ಲಿ ಒಂದು ದಿನ ಬೂಸ್ಟರಿನ ಫ್ಯೂಸು ಹಾಕಿ ಇಳಿಯುತ್ತಿದ್ದವನನ್ನು ನಿರ್ಮಲಮ್ಮ ಅಡುಗೆಮನೆಗೆ ಕರೆದರು. ಮಜ್ಜಿಗೆ ಕೊಟ್ಟರು. ಅವನು ಕುಡಿದು ಮುಗಿಸುವವರೆಗೆ ಕಾದರು. ಲೋಟ ಕೆಳಗಿಟ್ಟ ಮೇಲೆ ಮಾತು ತೆಗೆದರು.

"ಚೈತ್ರಂದು ಮದುವೆ ಆತಂತೆ ಬೀರಪ್ಪ."

ಚೈತ್ರಶ್ರೀ ಯಾರು ಎಂದು ಬೀದಿಗೆಲ್ಲ ಗೊತ್ತು. ನಿರ್ಮಲಮ್ಮನವರ ತಂಗಿ ಅಕ್ಕನಾಗಮ್ಮ ಸೊರಬದಲ್ಲಿದ್ದಾರೆ, ಅವರ ಮಗಳು. ಮಕ್ಕಳಿಲ್ಲದ ದೊಡ್ಡಮ್ಮನ ಮನೆಯಲ್ಲೇ ಬೆಳೆದದ್ದು. ಒಂದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಜಡೆ ಹೆಣೆದದ್ದು ನಿರ್ಮಲಮ್ಮ. ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದು ಮಲ್ಲೇಶಪ್ಪ. ಆಮೇಲೆ ಮಲ್ಲೇಶಪ್ಪನಿಗೂ ಚೈತ್ರಳ ಅಪ್ಪನಾದ ಅವನ ಷಡ್ಡಕನಿಗೂ ಜಗಳ ಬಿತ್ತು. ಇಬ್ಬರೂ ಸೇರಿ ಟ್ರ್ಯಾಕ್ಟರಿಗೆ ಒಂದು ಟ್ರೇಲರ್ ತಂದಿದ್ದರು. ಸುಗ್ಗಿಯಲ್ಲದ ಕಾಲದಲ್ಲಿ ಅದು ಯಾರ ಮನೆ ಮುಂದೆ ನಿಲ್ಲಬೇಕು ಅನ್ನುವುದಕ್ಕೆ ಮಾತು ಬೆಳೆದು, ನಿನ್ನ ಹೊಸಲು ನಾನು ತುಳಿಯಲ್ಲ, ನನ್ನ ಹೊಸಲು ನೀನು ತುಳಿಯಬೇಡ ಎನ್ನುವಲ್ಲಿಗೆ ಮುಟ್ಟಿತು. ಹುಡುಗಿಯನ್ನು ಸೊರಬಕ್ಕೆ ಕರೆದುಕೊಂಡು ಹೋದರು. ಟ್ರೇಲರ್ ಮಾತ್ರ ಇಬ್ಬರ ಮನೆ ಮುಂದೆಯೂ ಇಲ್ಲದೆ ಕುಬಟೂರಿನ ಯಾರದೋ ಕಣದಲ್ಲಿ ತುಕ್ಕು ಹಿಡಿಯಿತು.

"ಕರೆಯೋಕೆ ಬರ್ಲಿಲ್ಲೇನ್ರಿ?" ಅಂದ ಬೀರಪ್ಪ.

"ಅವ್ರು ಕರೀಲಿಲ್ಲ. ಕರೆದಿದ್ರೂ ಇವ್ರು ಕಳಿಸ್ತಿರ್ಲಿಲ್ಲ. ವಿಡಿಯೋ ತೆಗ್ಸಿದಾರಂತೆ ಅಂತ ಬಳೆಗಾರ್ತಿ ಹೇಳಿದ್ಲು. ನಮ್ಮನೇಲಿ ಆ ಮಿಷಿನ್ನಿಲ್ಲ. ಇದ್ರೂ ಸೊರಬದ ಕ್ಯಾಸೆಟ್ಟು ಈ ಹೊಸಲು ದಾಟಂಗಿಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದರು. "ಊರಿಗೆಲ್ಲ ಸಿನಿಮಾ ಬಿಡ್ತೀಯಲ್ಲ, ನಮ್ಮ ಮನೆ ಟೀವಿಗೆ ಮಾತ್ರ ಬರೋ ಹಂಗೆ ಅದನ್ನ ಬಿಡಕ್ಕಾಗ್ತದೇನು? ಬ್ಯಾರೆ ಯಾರಿಗೂ ಕಾಣಬಾರ್ದು. ಇವ್ರಿಗೆ ಗೊತ್ತಾದ್ರೆ ನಿನ್ನ ಪೆಟ್ಟಿಗೆ ಬೀದೀಲಿರ್ತದೆ, ನಂಗೆ ಮಾತಾಡೋಕೂ ಬಾಯಿರಲ್ಲ. ಆಗಲ್ಲ ಅಂದ್ರೆ ಬ್ಯಾಡ, ಸಿಟ್ಟು ಮಾಡ್ಕಳಲ್ಲ."

ಆಗುವುದಿಲ್ಲ ಎನ್ನುವುದು ಬೀರಪ್ಪನ ನಾಲಿಗೆಯ ಮೇಲೇ ಇತ್ತು. ಅರ್ಧ ಅನ್ನ ಆ ಪೆಟ್ಟಿಗೆಯಲ್ಲಿತ್ತು. ಆದರೆ ಆ ಪೆಟ್ಟಿಗೆ ಅಲ್ಲಿರುವುದೇ ಈ ಹೆಂಗಸಿನ ಮಾತಿನಿಂದ.

"ಸಂತೆ ದಿವ್ಸ ಮಧ್ಯಾಹ್ನ ಸಾವ್ಕಾರ್ರು ಮಂಡಿ ಬಿಟ್ಟು ಏಳಲ್ಲ ಅಲ್ರಿ?" ಅಂದ.

ನಿರ್ಮಲಮ್ಮ ಇನ್ನೊಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಸಂತೆಯ ದಿನ ಬೆಳಗಿನ ಬಸ್ಸಿಗೆ ಬೀರಪ್ಪ ಸೊರಬಕ್ಕೆ ಹೋದ. ಮದುವೆ ವಿಡಿಯೋ ತೆಗೆಯುವ ಅರುಣ ಅವನಿಗೆ ಹಳೇ ಪರಿಚಯ. ವಿಷಯ ಕೇಳಿ ಅರುಣ ತಲೆ ಕೆರೆದುಕೊಂಡ.

"ಅಲ್ಲ ಮಾರಾಯ, ಇದು ಅವ್ರಿಗೆ ಕೊಡೋ ಕ್ಯಾಸೆಟ್ಟು. ಸಂಜೆ ಹುಡುಗಿ ಅಪ್ಪ ತಗಂಡ್ ಹೋಗ್ಲಿಕ್ಕೆ ಬರ್ತಾರೆ. ಅವ್ರಿಗೆ ಇದು ಶಿರಾಳಕೊಪ್ಪ ನೋಡ್ಕಂಡು ಬಂದಿದೆ ಅಂತ ಗೊತ್ತಾದ್ರೆ ನನ್ನ ಕ್ಯಾಮೆರಾ ಕೆರೆಗೆ ಬೀಳ್ತದೆ."

"ನಿಂದು ಕ್ಯಾಮೆರಾ, ನಂದು ಪೆಟ್ಟಿಗೆ. ಇಬ್ಬರದೂ ಒಟ್ಟಿಗೆ ಬೀಳ್ಲಿ. ಕೊಡು."

"ನಾಕು ಗಂಟೆ ಬಸ್ಸಿಗೆ ಕಂಡಕ್ಟರ್ ಕೈಲಿ ಕಳಿಸ್ಬೇಕು ಹಾಂ."

"ಕಳಿಸ್ತೀನಿ ಅಂದ್ನಲ್ಲ!"

ಬೀರಪ್ಪನ ಹತ್ತಿರ ಇದ್ದದ್ದು ಒಂದೇ ವಿ.ಸಿ.ಆರ್. ದಿನಾ ಮಧ್ಯಾಹ್ನ ಅದರಲ್ಲೇ ಊರಿಗೊಂದು ಸಿನಿಮಾ ಬಿಡುತ್ತಿದ್ದ. ಅವತ್ತು ಅದನ್ನು ಚೀಲಕ್ಕೆ ಹಾಕಿಕೊಂಡು, ಮಲ್ಲೇಶಪ್ಪನ ಮನೆ ಹಿತ್ತಲ ಮೆಟ್ಟಿಲಿನಿಂದ ತಾರಸಿ ಹತ್ತಿದ. ಊರಿನ ಸಿನಿಮಾ ಒಂದು ದಿನ ಇಲ್ಲವೆಂದರೆ ಜನ ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ. ಬೂಸ್ಟರಿನಿಂದ ಕೆಳಗೆ ಈ ಮನೆಗೆ ಇಳಿಯುವ ವೈರನ್ನು ಬಿಚ್ಚಿ ವಿ.ಸಿ.ಆರ್‌ಗೆ ಸಿಕ್ಕಿಸಿದ. ಇಷ್ಟೇ ಕೆಲಸ. ಇನ್ನು ಕ್ಯಾಸೆಟ್ಟಿನಲ್ಲಿ ಇದ್ದದ್ದು ಆ ಒಂದು ವೈರಿನಲ್ಲಿ ಇಳಿದು ಒಂದೇ ಟೀವಿಗೆ ಹೋಗುತ್ತದೆ. ಹೊರಗಿನವರಿಗೆ ಸುಳಿವು ಸಿಗಲು ದಾರಿಯೇ ಇಲ್ಲ.

ಮೆಟ್ಟಿಲ ಬಾಯಿಗೆ ಬಗ್ಗಿ, "ಕಂಡ್ತಾ ಅಮ್ಮಾರೆ?" ಅಂದ.

"ಹಿಟ್ಟು ಚೆಲ್ಲಿದಂಗೆ ಐತಪ್ಪ. ಯಾರು ಹೆಣ್ಣು ಯಾರು ಗಂಡು ಒಂದೂ ತಿಳಿವಲ್ದು."

ಇಳಿಯುವ ವೈರು ಹಳೆಯದು, ಬಿಸಿಲಿಗೆ ಸೀದು ಸಣ್ಣಗಾಗಿತ್ತು. ವಿ.ಸಿ.ಆರ್‌ನ ಕಸುವು ಅದರಲ್ಲಿ ಇಳಿಯುವಷ್ಟರಲ್ಲಿ ಸತ್ತೇ ಹೋಗುತ್ತಿತ್ತು. ಮೇಲೆ ಮಾಡಿ ಕೆಳಗೆ ಮಾಡಿ ನೋಡಿದ. ಆಗಲಿಲ್ಲ. ಬೆವರು ಕಣ್ಣಿಗಿಳಿಯಿತು. ಕೆಳಗಿನಿಂದ "ಹೋಗ್ಲಿ ಬಿಡು ಬೀರಪ್ಪ, ನನ್ನ ಹಣೇಲಿಲ್ಲ" ಅನ್ನುವ ಮಾತು ಬಂತು. ಆ ಮಾತು ಬರದಿದ್ದರೆ ಅವನು ತಲೆ ಓಡಿಸುತ್ತಿದ್ದನೋ ಏನೋ. ಸಿಟ್ಟು ಬಂತು. ಮನೆಯ ವೈರನ್ನು ಮೊದಲಿನ ಜಾಗಕ್ಕೇ ಹಾಕಿದ. ವಿ.ಸಿ.ಆರ್‌ನ ವೈರಿನ ತುದಿ ಹಲ್ಲಿನಲ್ಲಿ ಕಚ್ಚಿ ಸುಲಿದು, ಬೂಸ್ಟರಿನ ಒಳಬಾಯಿಗೆ ಬರುವ ಮೇನ್ ವೈರಿನ ತಾಮ್ರಕ್ಕೆ ಹೆಣೆದು ಬಿಟ್ಟ. ಸೊರಗಿದ ಚಿತ್ರ ಬೂಸ್ಟರ್ ಹೊಕ್ಕು ಗಟ್ಟಿಯಾಗಿ ಹೊರಬಿತ್ತು.

"ಬಂತು! ಬಂತಪ್ಪೋ!" ಅಂದರು ಕೆಳಗಿನಿಂದ. "ಅಗಾ, ನಮ್ಮ ಚೈತ್ರ!"

ಬೀರಪ್ಪ ನೀರಿನ ತೊಟ್ಟಿಯ ನೆರಳಿನಲ್ಲಿ ಕೂತು ಬೀಡಿ ಹಚ್ಚಿದ. ಕೆಳಗಿನಿಂದ ಓಲಗ ಕೇಳಿಸುತ್ತಿತ್ತು. ನಡುನಡುವೆ ನಿರ್ಮಲಮ್ಮ ಒಬ್ಬರೇ ಮಾತಾಡಿಕೊಳ್ಳುವುದೂ ಕೇಳಿಸುತ್ತಿತ್ತು. ಹುಡುಗಿಗೆ ಅರಿಶಿನ ಹಚ್ಚುವ ಜಾಗ ಬಂದಿರಬೇಕು. "ಕತ್ತಿಗೆ ಹಚ್ಚಬ್ಯಾಡ್ರೇ, ಕಚಗುಳಿ ಅದಕ್ಕೆ" ಅಂದರು ಟೀವಿಗೆ. ಸ್ವಲ್ಪ ಹೊತ್ತಿಗೆ, "ನೋಡು, ಹೇಳಿದ್ರೆ ಕೇಳಲ್ಲ, ಹೆಂಗೆ ನಗಾಡ್ತದೆ ನೋಡು" ಅಂದು ತಾವೂ ನಕ್ಕರು. ಆ ನಗು ಹಾಗೇ ಎಲ್ಲೋ ತಿರುಗಿಕೊಂಡು ಮೂಗು ಸೀಟುವ ಸದ್ದಾಯಿತು. ಬೀರಪ್ಪ ಬೀಡಿ ಎಳೆಯುವುದನ್ನು ಮರೆತು ಕೂತ.

ಆಗ ಹಿತ್ತಲ ಮೆಟ್ಟಿಲನ್ನು ದಡದಡ ಹತ್ತಿ ಬಂಗಾರಮ್ಮ ಬಂದಳು. ಅವಳ ಮುಖದಲ್ಲಿ ಗಾಬರಿಯೋ ನಗುವೋ ತಿಳಿಯದ ಹಾಗಿತ್ತು.

"ಇಲ್ಲಿ ಕುಂತು ಬೀಡಿ ಸೇದ್ತೀರಾ? ಏನು ಮಾಡಿದೀರಿ ಗೊತ್ತೈತಾ? ಕೆಳಗಿನ ಬೀದಿ ಪೂರಾ ಚೈತ್ರನ ಮದುವೆ ನೋಡ್ತಾ ಐತೆ!"

"ಏನಂದಿ?"

"ಸಿನಿಮಾ ಬರ್ತದೆ ಅಂತ ಎಲ್ಲಾರೂ ಅದೇ ಚಾನೆಲ್ ಹಾಕ್ಕೊಂಡು ಕುಂತಿದ್ರು. ಮದುವೆ ಬಂತು. ಕೊನೇಮನೆ ದ್ಯಾಮಮ್ಮ ಅಂತೂ ಬಾಗ್ಲಿಗೆ ಬಂದು, ಹುಡುಗ ಕುಳ್ಳ ಆದ್ರೂ ಲಕ್ಷಣ ಐದಾನೆ ಅಂತ ಕೂಗಿ ಹೇಳ್ತಾಳೆ!"

ಆಗ ಹೊಳೆಯಿತು ಬೀರಪ್ಪನಿಗೆ. ಬೂಸ್ಟರಿನ ಬಾಯಿಗೆ ಹಾಕಿದ್ದು ಈ ಮನೆಗಷ್ಟೇ ಇಳಿಯುವುದಿಲ್ಲ, ಕೆಳಗಿನ ಬೀದಿಯ ಕೊನೆಯ ಡಬ್ಬಿಯವರೆಗೂ ಹರಿಯುತ್ತದೆ. ಕಂಬಕಂಬಕ್ಕೆ ಬೀಗ ಹಾಕಿ ಬೀಗದಕೈ ಸೊಂಟದಲ್ಲಿ ಕಟ್ಟಿಕೊಂಡವನು ತಾನೇ ಕೋಡಿ ಒಡೆದು ಕೂತಿದ್ದ. ಅದರ ಜೊತೆಗೇ ಇನ್ನೊಂದು ಹೊಳೆಯಿತು. ಕೆಳಗಿನ ಬೀದಿಯ ನಡುವೆಯೇ ಬೆಲ್ಲದ ಮಂಡಿ. ಸಂತೆಯ ದಿನ ಗಿರಾಕಿ ಸೆಳೆಯಲು ಮಲ್ಲೇಶಪ್ಪ ತಕ್ಕಡಿಯ ಪಕ್ಕದ ಗೂಡಿನಲ್ಲಿ ಟೀವಿ ಹಚ್ಚಿಡುತ್ತಾನೆ.

ಕೆಳಗೆ ಗಟ್ಟಿಮೇಳ ಬಾರಿಸತೊಡಗಿತು. "ತಾಳಿ ಎತ್ತಿದ" ಅಂದರು ನಿರ್ಮಲಮ್ಮ. ಬೀರಪ್ಪ ಎರಡೂ ಕೈಯಲ್ಲಿ ವೈರು ಹಿಡಿದು ಕಿತ್ತ.

ಗಟ್ಟಿಮೇಳ ನಿಂತಿತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ "ಅಯ್ಯೋ" ಎಂಬ ಸದ್ದು ಎದ್ದು ತಾರಸಿಗೂ ಕೇಳಿಸಿತು.

ನಿರ್ಮಲಮ್ಮನವರಿಗೆ ಮುಖ ತೋರಿಸದೆ ಇಳಿದು ಓಡಿದ. ನಾಲ್ಕರ ಬಸ್ಸಿಗೆ ಕ್ಯಾಸೆಟ್ಟು ಕೊಟ್ಟು, ರೂಮು ಸೇರಿ, ಕುಡುಗೋಲಿಗೆ ಕಾದು ಕೂತ. ಲೈನು ಯಾವಾಗ ಸಾಯುತ್ತದೆ ಎಂದು ಟೀವಿಯನ್ನೇ ನೋಡುತ್ತಿದ್ದ. ಲೈನು ಸಾಯಲಿಲ್ಲ. ಸಂತೆ ಕರಗುವ ಹೊತ್ತಿಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಮಲ್ಲೇಶಪ್ಪ ಆ ರೂಮಿಗೆ ಎಂದೂ ಬಂದವನಲ್ಲ. ಬೀರಪ್ಪ ಎದ್ದು ನಿಂತ. ಬರಲಿ, ಇವತ್ತು ಡಿಶ್ಶಿನ ಗುಳಿಯ ಲೆಕ್ಕವೂ ಆಗಿಹೋಗಲಿ ಎಂದು ಮುಷ್ಟಿ ಬಿಗಿದ.

ಮಲ್ಲೇಶಪ್ಪನ ಕೈಯಲ್ಲಿ ಕುಡುಗೋಲಿರಲಿಲ್ಲ. ಅಂಗಿಯ ತೋಳಿಗೆ ಬೆಲ್ಲದ ಪುಡಿ ಮೆತ್ತಿತ್ತು. ಬಾಗಿಲಿನ ಚೌಕಟ್ಟು ಹಿಡಿದು ಉಸಿರು ತಗೊಂಡು ಕೇಳಿದ.

"ಯಾಕೆ ನಿಂತೋತು?"

"ಏನ್ರಿ?"

"ಪಿಚ್ಚರು. ತಾಳಿ ಎತ್ತಿದ್ದ. ಕಟ್ಟಿದ್ನೋ ಇಲ್ವೋ?"

ಬೀರಪ್ಪನ ಮುಷ್ಟಿ ಎಲ್ಲಿಡಬೇಕೆಂದು ತಿಳಿಯದೆ ತೂಗಾಡಿತು. "ಕಟ್ಟಿರ್ತಾನ್ರಿ ಸಾವ್ಕಾರ್ರೇ. ಮದುವೆ ಆಗೈತಲ್ರಿ."

"ಆಗಿರೋದು ನಂಗೂ ಗೊತ್ತಲೇ! ನೋಡ್ಬೇಕಾಗಿತ್ತು." ಮಲ್ಲೇಶಪ್ಪ ಸ್ಟೂಲಿನ ಮೇಲೆ ಕೂತ. "ಪೂಜೆ ತಟ್ಟೇಲಿದ್ದ ಬೆಲ್ಲದ ಚೂರು ಯಾರಿಗೂ ಕಾಣದಂಗೆ ಬಾಯಿಗೆ ಹಾಕ್ಕಂತು, ನೋಡಿದ್ಯಾ? ಮದ್ಲಗಿತ್ತಿ ಆಗಿ ಕುಂತ್ರೂ ಬಿಡ್ಲಿಲ್ಲ. ಮಂಡೀಲೂ ಹಂಗೇ ಮಾಡೋದು. ನಾನು ನೋಡ್ಲಿಲ್ಲ ಅಂದ್ಕಳೋದು." ತೂಗಿಸಿಕೊಳ್ಳಲು ಬಂದಿದ್ದ ಗಿರಾಕಿಗಳನ್ನು ಆಚೆ ಕೂರಿಸಿ, ತಕ್ಕಡಿಯಲ್ಲಿ ಬೆಲ್ಲದ ಅಚ್ಚು ಹಾಗೇ ಬಿಟ್ಟು ಅವನು ನೋಡುತ್ತ ನಿಂತಿದ್ದನೆಂದು ಬೀರಪ್ಪನಿಗೆ ಆಮೇಲೆ ತಿಳಿಯಿತು.

"ಇನ್ನರ್ಧ ಹಾಕು."

"ಕ್ಯಾಸೆಟ್ಟು ಸೊರಬಕ್ಕೆ ಹೋತ್ರಿ."

"ಹಂಗಾದ್ರೆ ತರ್ಸು. ಯಾವಾಗಾದ್ರೂ ತರ್ಸು." ಎದ್ದವನು ಬಾಗಿಲಲ್ಲಿ ತಿರುಗಿದ. "ನಾನು ನೋಡಿದೆ ಅಂತ ನಮ್ಮನೇಲಿ ಹೇಳೀಯ ಮತ್ತೆ!"

ಮಾರನೇ ದಿನ ನಿರ್ಮಲಮ್ಮನವರೂ ಅದನ್ನೇ ಹೇಳಿದರು. "ನಾನು ನೋಡಿದ್ದು ಅವ್ರಿಗೆ ತಿಳೀಬಾರ್ದು." ಬೀದಿಯ ಕೂಸು ಕುನ್ನಿಗೆಲ್ಲ ಗೊತ್ತಿದ್ದ ಗುಟ್ಟನ್ನು ಆ ಮನೆಯಲ್ಲಿ ಮಾತ್ರ ಗಂಡ ಹೆಂಡತಿ ಬಹಳ ಜೋಪಾನವಾಗಿ ಕಾಪಾಡಿಕೊಂಡರು.

ದೀಪಾವಳಿ ಕಳೆದ ಮೇಲೆ ಚೈತ್ರಶ್ರೀಗೆ ಸೀಮಂತ ಎಂದು ಸುದ್ದಿ ಬಂತು. ಕರೆಯಲು ಈ ಸಲವೂ ಯಾರೂ ಬರಲಿಲ್ಲ. ಮಲ್ಲೇಶಪ್ಪ ಬೆಳಿಗ್ಗೆ ಎದ್ದು, "ಸೊರಬದ ಬಸ್ಸು ಒಂಬತ್ತಕ್ಕೈತೆ" ಎಂದು ಗೋಡೆಗೆ ಹೇಳಿದನಂತೆ. ನಿರ್ಮಲಮ್ಮ ಸೀರೆ ಉಟ್ಟು ಹೊರಟರು. ಅವನು ಬಸ್ ಸ್ಟ್ಯಾಂಡಿನವರೆಗೆ ಬಂದು, ಎಲೆಯಲ್ಲಿ ಕಟ್ಟಿದ ಬೆಲ್ಲದ ಅಚ್ಚನ್ನು ಕಿಟಕಿಯೊಳಗೆ ಕೊಟ್ಟು ತಿರುಗಿ ಹೋದದ್ದನ್ನು ಬೀರಪ್ಪ ಕಂಬದ ಮೇಲಿನಿಂದ ನೋಡಿದ. ಮಲ್ಲೇಶಪ್ಪ ತಾನು ಮಾತ್ರ ಹೋಗಲಿಲ್ಲ. ಹೊಸಲಿನ ಮಾತು ಆಡಿದವನು ಅವನಲ್ಲವೇ.

ಆದರೆ ಬೀರಪ್ಪ ತಾರಸಿಗೆ ಬಂದಾಗಲೆಲ್ಲ ಮಲ್ಲೇಶಪ್ಪ ಕೆಳಗಿನಿಂದ ಕೇಳುತ್ತಿದ್ದ. "ಇನ್ನರ್ಧ ಎಲ್ಲಿಗೆ ಬಂತೋ?"

"ತರ್ತೀನ್ರಿ, ತರ್ತೀನಿ."

ಬೀರಪ್ಪ ಸೊರಬಕ್ಕೆ ಅಲೆದ. ಕ್ಯಾಮೆರಾದ ಮೂಲ ಟೇಪಿನ ಮೇಲೆ ಅರುಣ ಆಗಲೇ ಬೇರೆ ಎರಡು ಮದುವೆ ತೆಗೆದು ಮುಗಿಸಿದ್ದ. "ದಿನಾ ಹೊಸ ಟೇಪು ತಗಳ್ಳಕ್ಕೆ ನಂಗೇನು ಟಂಕಸಾಲೆ ಐತನಾ ಮಾರಾಯ" ಅಂದ. ಉಳಿದದ್ದು ಅಕ್ಕನಾಗಮ್ಮನ ಮನೆಯ ಒಂದು ಕ್ಯಾಸೆಟ್ಟು. ನಿರ್ಮಲಮ್ಮ ಚೈತ್ರಳ ಬಾಣಂತನಕ್ಕೆ ಹೋದಾಗ ಕೇಳಿ ತೆಗೆಸಿದರೆ, ಹಿಂದಿನ ಮಳೆಗಾಲಕ್ಕೆ ಅದರ ತುಂಬ ಬೂಷ್ಟು ಹಿಡಿದಿತ್ತು. ಬೀರಪ್ಪ ಅದನ್ನು ತರಿಸಿಕೊಂಡು, ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮೊಳ ಮೊಳವಾಗಿ ಒರೆಸಿದ. ಒಂದು ಮಧ್ಯಾಹ್ನ ವಿ.ಸಿ.ಆರ್‌ಗೆ ಹಾಕಿದ. ಅರಿಶಿನದವರೆಗೆ ಬಂತು, ಹುಡುಗಿ ನಕ್ಕಳು, ಆಮೇಲೆ ಮಿಷಿನ್ನು ಕರಕರ ಎಂದು ಟೇಪು ನುಂಗಿತು.

ತೊಂಬತ್ತೊಂಬತ್ತರಲ್ಲಿ ದೊಡ್ಡ ಊರಿನ ಕೇಬಲ್‌ನವರು ಬಂದರು. ಅವರದು ಬೇರೆ ದಾರಿ, ಬೇರೆ ಕಂಬ, ಯಾರ ತಾರಸಿಯೂ ಬೇಡ. ಲೈನನ್ನು ಅವರಿಗೆ ಬಿಟ್ಟುಕೊಟ್ಟ ಬೀರಪ್ಪ ತನ್ನ ಬೂಸ್ಟರುಗಳನ್ನು ಒಂದೊಂದಾಗಿ ಇಳಿಸುತ್ತಾ ಕೊನೆಗೆ ಮಲ್ಲೇಶಪ್ಪನ ತಾರಸಿಗೆ ಬಂದ. ಬೀಗ ತೆಗೆದ, ವೈರು ಬಿಚ್ಚಿದ, ಪೆಟ್ಟಿಗೆಯನ್ನು ಚೀಲಕ್ಕಿಳಿಸಿದ. ಮೋಟುಗೋಡೆಯ ಮೊಳೆಗಳನ್ನು ಕಿತ್ತು, ತಂದಿದ್ದ ಸಿಮೆಂಟನ್ನು ನೀರಿನಲ್ಲಿ ಕಲಸಿ, ಒಂದೊಂದು ತೂತಿಗೂ ಹೆಬ್ಬೆರಳಿನಿಂದ ಒತ್ತಿ ಮೆತ್ತಿದ. ಮೆಟ್ಟಿಲಿನ ಬುಡದಲ್ಲಿ ಮಲ್ಲೇಶಪ್ಪ ನಿಂತಿದ್ದ. ವಯಸ್ಸಾಗಿ ಮೊಣಕಾಲು ಮೇಲೆ ಹತ್ತಲು ಬಿಡುತ್ತಿರಲಿಲ್ಲ.

"ತೂತು ಮುಚ್ಚಿದೀನ್ರಿ ಸಾವ್ಕಾರ್ರೇ. ಇನ್ನು ನೀರಿಳಿಯಲ್ಲ."

"ಹ್ಞೂಂ."

"ಆವತ್ತು ಹೇಳಿದ್ರೆ ಆವತ್ತೇ ಮುಚ್ತಿದ್ದೆ. ನೀವು ಕುಡುಗೋಲು ತಗಂಡ್ರಿ. ನನ್ನ ಡಿಶ್ಶಿಗೆ ಕಲ್ಲು ಬಿತ್ತು."

"ಅದನ್ನ ಇನ್ನೂ ಇಟ್ಕಂಡಿದೀಯಾ?"

"ಇಟ್ಕಂಡಿದೀನಿ."

"ಇಟ್ಕ" ಅಂದ ಮಲ್ಲೇಶಪ್ಪ. ಚೀಲ ಹೊತ್ತು ಬಾಗಿಲು ದಾಟುತ್ತಿದ್ದವನ ಬೆನ್ನಿಗೆ ಮತ್ತೆ ಕೂಗಿದ. "ಏ ಬೀರಾ, ಪೆಟ್ಟಿಗೆ ತಗಂಡು ಹೊಂಟ್ಯಲ್ಲ, ನಂದು ಅರ್ಧ ಮದುವೆ ಬಾಕಿ ಐತಲ್ಲೋ!"

"ತರ್ತೀನ್ರಿ" ಅಂದ ಬೀರಪ್ಪ, ತಿರುಗಿ ನೋಡದೆ. ಟೇಪು ನುಂಗಿದ ಸಂಗತಿಯನ್ನು ಆ ಮನೆಯಲ್ಲಿ ಅವನು ಹೇಳಿರಲಿಲ್ಲ. ಆಮೇಲೂ ಹೇಳಲಿಲ್ಲ.